ನೀಲವ್ವಂದಿರು ಕಟ್ಟೆ ಹತ್ತಿದ್ದು

ಮಕ್ಕಳೇ, ನಾನು ಬಾಯಿಬಿಟ್ಟು ಹೇಳುವವಳಲ್ಲ ಎಂಬುದು ನಿಮಗೆ ಗೊತ್ತು. ಬರೆಯುವುದಾದರೆ ಬರೆದೇನು. ಗೋಕಾಕದ ನಮ್ಮ ಸೈಬರ್ ಅಂಗಡಿಯಲ್ಲಿ ಒಂದು ಬೇಸಿಗೆ ಹೇಗೆ ಕಳೆಯಿತು ಎಂಬುದಷ್ಟೇ ಇದರಲ್ಲಿದೆ.

ನೀವು ಈಗ ಫೋನಿನಲ್ಲಿ ನೋಡುವ ಯಾವುದೂ ಆಗ ನಮ್ಮ ಕಡೆಗೆ ಬಂದಿರಲಿಲ್ಲ. ಗೆಳೆಯರನ್ನು ಕೂಡಿಸುವ ಒಂದು ಸೈಟು ಇತ್ತು. ಈಗ ಅದು ಮುಚ್ಚಿಹೋಗಿದೆ. ಮೊದಮೊದಲು ಅದರೊಳಗೆ ಹೋಗಬೇಕಾದರೆ ಒಳಗಿದ್ದವರು ಯಾರಾದರೂ ಕರೆಯಬೇಕಿತ್ತು, ಮದುವೆಗೆ ಕರೆದ ಹಾಗೆ. ಕರೆ ಬಂದ ಹುಡುಗ ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ "ನನಗ ಬಂತು" ಎಂದು ಕೂಗುತ್ತಿದ್ದ. ಆಮೇಲೆ ಬಾಗಿಲು ಎಲ್ಲರಿಗೂ ತೆರೆಯಿತು, ನಮ್ಮ ಅಂಗಡಿಯೂ ತುಂಬಿತು. ನಿಮ್ಮ ಅಜ್ಜ ಇದ್ದಾಗ ಜನ ರಿಸಲ್ಟ್ ನೋಡಲು, ಅರ್ಜಿ ತುಂಬಲು ಬರುತ್ತಿದ್ದರು. ಅವರು ತೀರಿಹೋಗಿ ನಾನು ಕೌಂಟರಿನಲ್ಲಿ ಕೂರುವ ಹೊತ್ತಿಗೆ ಬಂದವರೆಲ್ಲ ಆ ಸೈಟಿಗಾಗಿಯೇ ಬರುತ್ತಿದ್ದರು. ಹಳ್ಳಿಯ ಹುಡುಗರು ಸಂತೆಗೆ ಬಂದವರು ಚೀಲವನ್ನು ನನ್ನ ಕಾಲ ಬಳಿ ಇಟ್ಟು ಒಳಗೆ ಹೋಗುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಭೇಟಿಯಾದರೆ ಊರು ಕೇಳುವ ಮೊದಲೇ "ನಿಂದು ಅದರಾಗ ಐತೇನು?" ಎಂದು ಕೇಳುತ್ತಿದ್ದರು.

ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ಮೇಲೆ ಫೋಟೋ, ಹೆಸರು, ಊರು. ಕೆಳಗೆ ಬೇರೆಯವರು ಬಂದು ಬರೆಯುವ ಜಾಗ, ಅದಕ್ಕೆ ಸ್ಕ್ರ್ಯಾಪ್ ಎನ್ನುತ್ತಿದ್ದರು. ಅಲ್ಲಿ ಬರೆದದ್ದನ್ನು ಯಾರು ಬೇಕಾದರೂ ಓದಬಹುದಿತ್ತು. ಇದು ನಮ್ಮ ಗಿರಾಕಿಗಳಲ್ಲಿ ಅರ್ಧ ಜನಕ್ಕೆ ತಿಳಿದಿರಲಿಲ್ಲ, ಮುಚ್ಚಿದ ಲಕೋಟೆ ಎಂದುಕೊಂಡು ಬರೆಯುತ್ತಿದ್ದರು. ಒಬ್ಬ ಹುಡುಗ ಅತ್ತೆಯ ಮಗಳಿಗೆ ಬರೆದದ್ದನ್ನು ಅದೇ ಅತ್ತೆಯ ಮಗ ಪಕ್ಕದ ಕಂಪ್ಯೂಟರಿನಲ್ಲಿ ಕೂತು ಓದಿ, ಇಬ್ಬರೂ ಕುರ್ಚಿ ಬೀಳಿಸಿಕೊಂಡು ಹೊರಗೆ ಓಡಿದ್ದನ್ನು ನಾನೇ ನೋಡಿದ್ದೇನೆ.

ಅಂಗಡಿಯಲ್ಲಿ ಕನ್ನಡ ಟೈಪಿಂಗ್ ಕೆಲಸಕ್ಕೆ ಒಬ್ಬ ಹುಡುಗಿ ಬರುತ್ತಿದ್ದಳು. ಬೆಲ್ಲದ ಬಾಗೇವಾಡಿಯವಳು. ಗೋಕಾಕದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಡಿ.ಎಡ್. ಎರಡನೆಯ ವರ್ಷ ಓದುತ್ತಿದ್ದಳು. ಕಾಲೇಜು ಮುಗಿಸಿ ಬಂದು ಲಗ್ನಪತ್ರಿಕೆ, ಸಂಘದ ನೋಟೀಸು ಹೊಡೆದುಕೊಡುತ್ತಿದ್ದಳು. ಮಾತು ಕಡಿಮೆ, ಹಾಗಾಗಿ ನಮ್ಮಿಬ್ಬರಿಗೆ ಸರಿಹೋಗಿತ್ತು. ಅಂಗಡಿಗೆ ಬರುವ ಹುಡುಗರಂತೆ ಅವಳೂ ನನ್ನನ್ನು ಕಾಕೂ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದಳು. ಅವಳ ಹೆಸರು ನೀಲವ್ವ, ಅಡ್ಡಹೆಸರು ಇಲ್ಲಿ ಬರೆಯುವುದಿಲ್ಲ.

ಆ ಮಧ್ಯಾಹ್ನ ಮೂಲೆಯ ಕಂಪ್ಯೂಟರಿನ ಮುಂದೆ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಆ ಸೈಟಿನಲ್ಲಿ ಮೆಚ್ಚಿದವರಿಗೆ ಹಾರ್ಟಿನ ಗುರುತು ಕೊಡುವ ಏರ್ಪಾಡಿತ್ತು. "ಕೊಡಲೇ, ಹಾರ್ಟ್ ಕೊಡು, ಎಷ್ಟ ಅದಾವು ಅಷ್ಟೂ ಕೊಡು" ಎಂದು ಒಬ್ಬ ಹೇಳುತ್ತಿದ್ದ. ನಾನು ಕಸಬರಿಗೆ ಹಿಡಿದು ಆ ಕಡೆ ಹೋದೆ. ಪರದೆಯ ಮೇಲೆ ನೀಲವ್ವನ ಮುಖವಿತ್ತು.

ಕಾಲೇಜಿನ ವಾರ್ಷಿಕೋತ್ಸವದ ಗ್ಯಾದರಿಂಗ್‌ನಲ್ಲಿ ಗೆಳತಿಯರೆಲ್ಲ ನಿಂತು ತೆಗೆಸಿಕೊಂಡ ಫೋಟೋ. ಅದರಿಂದ ಅವಳೊಬ್ಬಳನ್ನೇ ಕತ್ತರಿಸಿ ತೆಗೆದಿದ್ದರು. ಹೆಗಲ ಮೇಲೆ ಗೆಳತಿಯ ಕೈ ಮಾತ್ರ ಉಳಿದಿತ್ತು. ಹೆಸರು, ಅಡ್ಡಹೆಸರು, ಊರು ಎಲ್ಲ ಸರಿಯಾಗಿತ್ತು. ತನ್ನ ಬಗ್ಗೆ ಬರೆದುಕೊಳ್ಳುವ ಜಾಗದಲ್ಲಿ ಇದ್ದದ್ದನ್ನು ನಾನು ಬರೆಯಲಾರೆ. ಕೊನೆಗೆ ಸೋದರತ್ತೆಯ ಮನೆಯ ಫೋನ್ ನಂಬರ್ ಇತ್ತು.

ಸಂಜೆ ಅವಳು ಬಂದಾಗ ನಾನೇ ತೆರೆದು ತೋರಿಸಿದೆ. ಎಲ್ಲವನ್ನೂ ಓದಿದಳು. ಹುಡುಗರು ಕೆಳಗೆ ಬರೆದದ್ದನ್ನೂ ಓದಿದಳು. ಅಳಲಿಲ್ಲ.

"ಅದಕ್ಕ ಅತ್ತಿ ಮನ್ಯಾಗ ಫೋನ್ ಬರಾಕತ್ತಾವು. ತಗದ ಹಾಕ್ರಿ ಕಾಕೂ."

"ನನಗ ಬರೂದಿಲ್ಲವಾ ತಗ್ಯಾಕ. ಮಾಡಿದವರ ತಗೀಬೇಕು."

"ಅಂಗಡಿ ನಿಮ್ದಲ್ಲೇನ್ರಿ?"

ಏನು ಹೇಳಲಿ? ಕಿಟಕಿ ನಮ್ಮದು, ಅದರಾಚೆ ಕಾಣುವುದು ನಮ್ಮದಲ್ಲ ಎಂದು ತಿಳಿಸಿ ಹೇಳುವಷ್ಟು ಮಾತು ನನಗೆ ಬರುತ್ತಿರಲಿಲ್ಲ.

ದೂರು ಕೊಡಲು ಪುಟದ ಕೆಳಗೆ ಒಂದು ಸಣ್ಣ ಅಕ್ಷರದ ಸಾಲಿತ್ತು. ಅದನ್ನು ಒತ್ತಿದರೆ ಇಂಗ್ಲಿಷಿನಲ್ಲಿ ಕಾರಣಗಳು ಬರುತ್ತಿದ್ದವು. ಇಬ್ಬರೂ ಡಿಕ್ಷನರಿ ಇಟ್ಟುಕೊಂಡು, ಬೇರೆಯವರ ವೇಷ ಹಾಕಿದ್ದಾರೆ ಎಂಬ ಅರ್ಥದ ಕಾರಣವನ್ನು ಆರಿಸಿ ಕಳಿಸಿದೆವು. ದೂರು ತಲುಪಿದೆ ಎಂದು ಉತ್ತರ ಬಂತು. ಮರುದಿನ ಇನ್ನೊಂದು ಕಂಪ್ಯೂಟರಿನಿಂದ ಕಳಿಸಿದೆವು. ಅದೇ ಉತ್ತರ, ಅದೇ ಅಕ್ಷರ. ಮನುಷ್ಯರು ಓದಿ ಬರೆದದ್ದಲ್ಲ, ಯಂತ್ರ ತಾನೇ ಕಳಿಸುವುದು ಎಂದು ತಿಳಿಯಲು ನಮಗೆ ಒಂದು ವಾರ ಬೇಕಾಯಿತು. ಅಷ್ಟರಲ್ಲಿ ಆ ಪುಟಕ್ಕೆ ಗೆಳೆಯರ ಸಂಖ್ಯೆ ಏರುತ್ತಲೇ ಇತ್ತು. ಮುಧೋಳದವರು, ನಿಪ್ಪಾಣಿಯವರು ಎಲ್ಲರೂ ಬಂದು ಸೇರಿದ್ದರು.

ಆಮೇಲೆ ನಿಮ್ಮ ಅಜ್ಜ ಕಲಿಸಿದ್ದ ಒಂದು ಉಪಾಯ ಮಾಡಿದೆ. ಪ್ರತಿ ಕಂಪ್ಯೂಟರಿನಲ್ಲೂ ಒಂದು ಫೈಲ್ ಇರುತ್ತದೆ, ಅದರಲ್ಲಿ ಸೈಟಿನ ವಿಳಾಸ ಬರೆದು ದಾರಿ ತಪ್ಪಿಸಿದರೆ ಆ ಸೈಟು ತೆರೆಯುವುದಿಲ್ಲ. ಬೆಳಿಗ್ಗೆ ಒಂದೊಂದರಲ್ಲೂ ಹಾಗೆ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಅಂಗಡಿ ಖಾಲಿ. ಹುಡುಗರು ರಸ್ತೆ ದಾಟಿ ಎದುರಿನ ಸೈಬರಿಗೆ ಹೋಗಿ ಅದೇ ಪುಟ ತೆರೆದು ಕೂತರು. ನಾನು ನೋಡುವುದು ತಪ್ಪಿತೇ ಹೊರತು ಅವರು ನೋಡುವುದು ತಪ್ಪಲಿಲ್ಲ. ಸಂಜೆಗೆ ಎಲ್ಲವನ್ನೂ ಮೊದಲಿನ ಹಾಗೆ ಮಾಡಿದೆ.

ಅದರ ಮಾರನೆಯ ದಿನ ಅವಳ ಅಪ್ಪ ಬಂದರು. ಅವರ ಹೆಂಡತಿಯ ತಮ್ಮ ಹಿಡಕಲ್‌ನ ನೀರಾವರಿ ಕಾಲನಿಯಲ್ಲಿ ಕೆಲಸಕ್ಕಿದ್ದ. ಅವನೇ ಹುಕ್ಕೇರಿಯಲ್ಲಿ ಆ ಪುಟ ನೋಡಿ, ಪ್ರಿಂಟ್ ತೆಗೆಸಿ ಭಾವನ ಕೈಗೆ ಕೊಟ್ಟಿದ್ದ. ಅಪ್ಪ ಅಂಗಡಿಯೊಳಗೆ ಬರಲಿಲ್ಲ, ಮೆಟ್ಟಿಲ ಕೆಳಗೆ ನಿಂತೇ ಮಾತಾಡಿದರು.

"ಅಕ್ಕಾರ, ಅಕಿ ಇನ್ನ ಬರೂದಿಲ್ಲ. ಸಾಲಿನೂ ಮುಗೀತು."

"ಅಣ್ಣಾರ, ಪರೀಕ್ಷಾ ಹತ್ತರ ಐತ್ರಿ. ಅದನ್ನ ಅಕಿ ಮಾಡಿಲ್ಲ."

"ಮಾಡಿಲ್ಲಂತ ನನಗೂ ಗೊತ್ತೈತ್ರಿ. ಊರಿಗಿ ಯಾರ್ ಹೇಳಾವ್ರು? ಮನಿ ಮನಿಗಿ ಹೋಗಿ ಹೇಳ್ಲೇನು?"

"ಪೊಲೀಸ್ರ ಹಂತ್ಯಾಕ ಹೋದ್ರ..."

"ಹೆಣ್ಣಮಗಳ ಹೆಸರು ಠಾಣೆದಾಗ ಬರಸಾಕ ನಾ ತಯಾರಿಲ್ರಿ. ಬಸವ ಜಯಂತಿ ಆದ ಕೂಡ್ಲೆ ಅಕಿ ಸ್ವಾದರಮಾವಗ ಕೊಡೂದಂತ ಮಾತಾಗೇತಿ. ಅಂವಾ ಚಲೋ ಮನಶ್ಯಾ ಅದಾನಂತ ಒಪ್ಪಿಕೊಂಡಾನ."

ಆ ಮಾವನಿಗೆ ಅವಳಿಗಿಂತ ಬಹಳ ವಯಸ್ಸಾಗಿತ್ತು, ಮೊದಲ ಹೆಂಡತಿ ಬಿಟ್ಟುಹೋಗಿದ್ದಳು. ಪ್ರಿಂಟ್ ತೆಗೆಸಿ ತಂದವನಿಗೇ ಮಗಳನ್ನು ಕೊಡುವುದೇ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ಒಳಗಿದ್ದ ಮಗಳನ್ನು ಕರೆದರು. ಹುಡುಗಿ ಟೈಪ್ ಮಾಡುತ್ತಿದ್ದ ಪತ್ರಿಕೆಯನ್ನು ಅರ್ಧಕ್ಕೆ ಬಿಟ್ಟು, ಕೈಚೀಲ ತೆಗೆದುಕೊಂಡು ಅಪ್ಪನ ಹಿಂದೆ ಹೋದಳು. ಪರದೆಯ ಮೇಲೆ ವರನ ಹೆಸರು ಬಂದಿತ್ತು, ವಧುವಿನದು ಇನ್ನೂ ಬಂದಿರಲಿಲ್ಲ.

ಎರಡು ದಿನ ಕಾದೆ. ಮೂರನೆಯ ದಿನ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದೆ. ಹೋಗಿ ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಘಟಪ್ರಭಾ ದಾಟುವಾಗ ಇಳಿದು ಹಿಂದಕ್ಕೆ ಹೋಗಿಬಿಡಬೇಕು ಅನ್ನಿಸಿತು. ಬೆಲ್ಲದ ಬಾಗೇವಾಡಿಯಲ್ಲಿ ಮನೆ ಕೇಳಿಕೊಂಡು ಹೋದರೆ ಅಪ್ಪ ಹೊಲಕ್ಕೆ ಹೋಗಿದ್ದರು. ಹುಡುಗಿಯನ್ನು ಹೊರಗೆ ಬಿಡಲಿಲ್ಲ. ಪಡಸಾಲೆಯಲ್ಲಿ ಅವಳ ಅಜ್ಜಿ ಶೇಂಗಾ ಸುಲಿಯುತ್ತ ಕೂತಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ನಾನು ಯಾರೆಂದು ಕೇಳಿ, ಒಂದು ಹಿಡಿ ಕಾಯಿ ನನ್ನ ಮುಂದೂ ಸುರಿದರು. ಇಬ್ಬರೂ ಸುಲಿಯತೊಡಗಿದೆವು.

"ಆ ಡಬ್ಬಿದಾಗ ಏನ ಐತೆವಾ ಅಂಥಾದ್ದು? ನನ್ನ ಮಗಾ ಉಣ್ಣೂದ ಬಿಟ್ಟಾನ. ನನಗ ಯಾರೂ ಹೇಳವಲ್ರು."

ನಾನು ಹೇಳಿದೆ. ಪುಟ ಎಂದರೆ ಅವರಿಗೆ ತಿಳಿಯಲಿಲ್ಲ. ಎಲ್ಲರೂ ಬಂದು ಬರೆಯುವ ಗೋಡೆ ಎಂದೆ. ಅದೂ ತಿಳಿಯಲಿಲ್ಲ. "ಊರ ಮುಂದ ಕಟ್ಟಿ ಇರತೈತಲ್ರಿ ಆಯಿ, ಹುಡುಗ್ರು ಕುಂತ ಹೋಗೂ ಬರೂ ಹೆಣ್ಣಮಕ್ಕಳ ಮ್ಯಾಲ ಮಾತಾಡತಾರಲ್ಲ, ಹಂಗ" ಎಂದೆ.

"ಹಾಂ, ಕಟ್ಟಿ!" ಅಜ್ಜಿ ಸುಲಿಯುವುದನ್ನು ನಿಲ್ಲಿಸಿದರು. "ಅಲ್ಲಿ ಮುದುಕ್ಯಾರ ಯಾರೂ ಇಲ್ಲೇನು?"

"ಇಲ್ರಿ."

"ಅದಕ್ಕ ಮತ್ತ! ನಮ್ಮ ಕಟ್ಟಿ ಮ್ಯಾಲ ನಾ ಹೋಗಿ ಕುಂತ್ನೆಂದ್ರ ಹುಡುಗ್ರು ಒಬ್ಬೊಬ್ರ ಎದ್ದ ಹೋಗತಾರ. ಬೈಯೂದೂ ಬ್ಯಾಡ. ಸುಮ್ಮ ಕುಂದರಬೇಕು. ಊಟ ಆತೇನಪಾ ಅಂತ ಕೇಳಬೇಕು, ಅಷ್ಟ."

ನನಗೆ ನಗು ಬಂತು. ಅಜ್ಜಿ ನಗಲಿಲ್ಲ.

"ನನ್ನ ಹೆಸರೂ ನೀಲವ್ವನ ಐತಿ ತಂಗಿ. ಈ ಮನಿತನದಾಗ ಹೆಜ್ಜಿಗೊಬ್ಬಾಕಿ ನೀಲವ್ವ ಅದಾಳ. ನನ್ನ ನಾಲ್ಕೂ ಮಕ್ಕಳು ಹಿರೇ ಮಗಳಿಗಿ ಇದನ್ನ ಇಟ್ಟಾರ. ನಾನ ಹಟ ಹಿಡದ ಇಡಿಸೇನಿ, ಬಸವಣ್ಣಪ್ಪನ ಹೇಣ್ತಿ ಹೆಸರಂತ. ಕಟ್ಟಿ ಮ್ಯಾಲ ನನ್ನ ಕುಂದರಿಸಾಕ ಬರತೈತೇನು ನಿನಗ?"

ಹಿಂದಿರುಗುವ ಬಸ್ಸಿನಲ್ಲಿ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಹುಡುಗರು ಆ ಪುಟಕ್ಕೆ ಹೋಗುತ್ತಿದ್ದದ್ದು ಹೆಸರು ಹುಡುಕಿ. ಹುಡುಕಿದಾಗ ಒಂದೇ ನೀಲವ್ವ ಬರುತ್ತಿದ್ದಳು. ಅಲ್ಲಿ ಒಂದು ಸಾಲು ನೀಲವ್ವಂದಿರು ಕೂತಿದ್ದರೆ? ಎಲ್ಲರೂ ಖರೆ ಹೆಸರಿನವರೇ, ಖರೆ ಮುಖದವರೇ. ನಾವು ಸುಳ್ಳು ಬರೆಯಬೇಕಾಗಿರಲಿಲ್ಲ.

ಮರುದಿನವೇ ಅಜ್ಜಿ ತಮ್ಮ ಇಬ್ಬರು ವಾರಗಿತ್ತಿಯರನ್ನು ಕರೆದುಕೊಂಡು ಗೋಕಾಕಕ್ಕೆ ಬಂದರು. ಮಗನಿಗೆ ದವಾಖಾನೆಗೆ ಎಂದು ಹೇಳಿದ್ದರಂತೆ. ವಾರಗಿತ್ತಿಯರ ಹೆಸರು ಬೇರೆ ಇದ್ದವು, ಜೊತೆಗಿರಲಿ ಎಂದು ಬಂದಿದ್ದರು. ಫೋಟೋ ಸ್ಟುಡಿಯೋದವರಿಂದ ಕ್ಯಾಮೆರಾ ಕಡ ತಂದು ತೆಗೆದೆ. ಅಜ್ಜಿ ಸೆರಗು ತಲೆಯ ಮೇಲೆ ಎಳೆದುಕೊಂಡು ಕ್ಯಾಮೆರಾವನ್ನು ಸಾಲ ಬಾಕಿ ಇಟ್ಟವರನ್ನು ನೋಡುವ ಹಾಗೆ ನೋಡಿದರು. ಮೊದಲು ಇ-ಮೇಲ್, ಆಮೇಲೆ ಸೈಟಿನ ಫಾರ್ಮು.

"ಹುಟ್ಟಿದ ತಾರೀಖು ಕೇಳತೈತ್ರಿ ಆಯಿ."

"ಪ್ಲೇಗ್ ಬಂದ ಹೋದ ಮ್ಯಾಲ ಅಂತ ಬರಿ."

"ಹಂಗ ತಗೊಳ್ಳೂದಿಲ್ರಿ."

"ಹಂಗಾರ ನಿನ್ನದ ಹಾಕು. ವಯಸ್ಸ ಕಡಿಮಿ ಆದ್ರ ನಂದೇನ ಹೋಗತೈತಿ?"

"ಲಗ್ನ ಆಗೇತೇನಂತ ಕೇಳತೈತಿ."

"ಯಾಕ? ವರಾ ನೋಡತಾರಂತೇನು?" ಎಂದು ವಾರಗಿತ್ತಿ ಕೇಳಿದಾಗ ಮೂವರೂ ಸೆರಗು ಬಾಯಿಗಿಟ್ಟು ನಕ್ಕರು. ಆ ವಾರಗಳಲ್ಲಿ ಅಂಗಡಿಯಲ್ಲಿ ಕೇಳಿದ ಮೊದಲ ಒಳ್ಳೆಯ ನಗು ಅದು.

ಆದರೆ ಕೆಲಸ ಕೆಟ್ಟಿತು. ಅಜ್ಜಿಯದು, ಮನೆಯಲ್ಲಿದ್ದ ಫೋಟೋದಿಂದ ಇನ್ನೊಬ್ಬ ನೀಲವ್ವನದು, ಮತ್ತೊಬ್ಬಳದು ಎಂದು ಮಾಡುತ್ತ ಹೋದಂತೆ ಸೈಟು ನಮ್ಮನ್ನೇ ಅನುಮಾನಿಸಿತು. ಒಂದೇ ಅಂಗಡಿಯಿಂದ ಒಂದೇ ಹೆಸರಿನವರು ಇಷ್ಟು ಜನ ಯಾಕೆ ಎಂದು ಅದಕ್ಕೂ ಅನ್ನಿಸಿರಬೇಕು. ಓರೆಕೋರೆ ಅಕ್ಷರ ತೋರಿಸಿ ಓದಿ ಹೊಡೆಯಿರಿ ಎಂದಿತು. ಹೊಡೆದರೆ ಮತ್ತೆ ಅದೇ. ಕೊನೆಗೆ ಹೊಸದನ್ನು ಮಾಡಲು ಬಿಡಲೇ ಇಲ್ಲ. ಮರುದಿನ ನೋಡಿದರೆ ಮಾಡಿದ್ದರಲ್ಲೂ ಎರಡನ್ನು ತೆಗೆದುಹಾಕಿತ್ತು. ಸುಳ್ಳು ಪುಟ ಅಲ್ಲೇ ಇತ್ತು, ಖರೆ ನೀಲವ್ವಂದಿರನ್ನು ಹೊರಗೆ ಹಾಕಿತ್ತು. ಉಳಿದಿದ್ದ ಅಜ್ಜಿಯ ಪುಟಕ್ಕೆ ಹುಡುಗರು ಬಂದು, ಇದು ಯಾವುದೋ ಸಿನಿಮಾದ ಮುದುಕಿಯ ಫೋಟೋ ಎಂದು ಬರೆದು, ಇನ್ನಷ್ಟು ಹೊಲಸು ಸುರಿದು ಹೋಗಿದ್ದರು. ಅದನ್ನು ಓದಿ ನಾನು ಕೌಂಟರಿನ ಮೇಲೆ ತಲೆಯಿಟ್ಟು ಕೂತೆ. ಒಬ್ಬಳಿಗೆ ಆಗಿದ್ದ ಅವಮಾನವನ್ನು ಇಬ್ಬರಿಗೆ ಹಂಚಿಕೊಟ್ಟೆನಲ್ಲ ಅನ್ನಿಸಿತು. ಬಸವ ಜಯಂತಿ ಹತ್ತಿರ ಬರುತ್ತಿತ್ತು.

ಎರಡು ವಿಷಯ ಸ್ಪಷ್ಟವಾಗಿದ್ದವು. ಬೇರೆ ಬೇರೆ ಊರಿನ ಅಂಗಡಿಗಳಿಂದ ಮಾಡಬೇಕು. ಮತ್ತು ಹುಡುಗರು ಗುರುತಿಸುವ ಒಂದು ಮುಖ ಅಲ್ಲಿರಬೇಕು. ಅವರೆಲ್ಲ ದಿನಾ ನೋಡುವ, ಸಿನಿಮಾದ್ದು ಎಂದು ಹೇಳಲಾಗದ ಮುಖ ನನ್ನದೊಂದೇ.

ನಿಮ್ಮ ಅಜ್ಜ ಹೋದ ಮೇಲೆ ನಾನು ಫೋಟೋ ತೆಗೆಸಿಕೊಂಡಿರಲಿಲ್ಲ. ಮದುವೆ ಮನೆಗಳಲ್ಲೂ ಫೋಟೋ ತೆಗೆಯುವವನು ಬಂದರೆ ಕಂಬದ ಹಿಂದೆ ಹೋಗುತ್ತಿದ್ದೆ. ಅಂಥವಳು ಕುಂಕುಮವಿಲ್ಲದ ಹಣೆಯ ನನ್ನ ಮುಖವನ್ನು ಮುಧೋಳ ನಿಪ್ಪಾಣಿಗಳವರೆಗೆ ಹುಡುಗರು ಹಲ್ಲು ಕಿಸಿಯುವ ಜಾಗದಲ್ಲಿ ಇಡುವುದು ಹೇಗೆ? ಇಡೀ ಬೆಳಿಗ್ಗೆ ಕ್ಯಾಮೆರಾ ಕೈಯಲ್ಲಿ ಹಿಡಿದು ಕೂತಿದ್ದೆ. ಎದುರಿನ ಗೋಡೆಯ ಹತ್ತಿರ ಅವಳ ಖಾಲಿ ಕುರ್ಚಿ ಇತ್ತು. ಕೊನೆಗೆ ಅಜ್ಜಿಯ ಮುಖ ಇಟ್ಟು ನನ್ನದನ್ನು ಬಚ್ಚಿಟ್ಟುಕೊಳ್ಳುವುದು ಸರಿಯಲ್ಲ ಅನ್ನಿಸಿತು. ಎದುರು ಸಾಲಿನ ಟೇಲರ್ ಹೆಂಗಸನ್ನು ಕರೆದು ಒತ್ತಿಸಿದೆ. ನನ್ನದೇ ಹೆಸರಿನಲ್ಲಿ ಪುಟ ಮಾಡಿದೆ. ನೀಲವ್ವನ ಸುಳ್ಳು ಪುಟಕ್ಕೆ ಹೋಗಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡೆದೆ: ನಾನು ಸೈಬರ್ ಕಾಕೂ. ಇಲ್ಲಿ ಬರೆದವರಲ್ಲಿ ಯಾರ್ಯಾರು ನಮ್ಮ ಅಂಗಡಿಯಲ್ಲಿ ಎಲ್ಲಿ ಕೂರುತ್ತೀರಿ ಎಂದು ಬಲ್ಲೆ. ಈ ಹುಡುಗಿ ನಮ್ಮವಳು. ಇದು ಅವಳು ಮಾಡಿದ್ದಲ್ಲ.

ಮಧ್ಯಾಹ್ನ ಹುಡುಗರು ಬಂದರು. ನಾನು ತಲೆ ಎತ್ತಲಿಲ್ಲ. ಮೂಲೆಯಲ್ಲಿ ನಗು ಶುರುವಾಯಿತು, ಆಮೇಲೆ ಒಮ್ಮೆಲೇ ನಿಂತಿತು. ಒಬ್ಬ "ಲೇ, ಕಾಕೂ ಲೇ" ಎಂದ ಪಿಸುಮಾತು ಕೇಳಿಸಿತು. ಅವರು ಎದ್ದು ಹೋಗುವಾಗ ಯಾರೂ ನನ್ನ ಕಡೆ ನೋಡಲಿಲ್ಲ. ಒಬ್ಬನಂತೂ ಚಪ್ಪಲಿ ಬಿಟ್ಟೇ ಹೋದ.

ಗೋಕಾಕದ ಹುಡುಗರು ಇಷ್ಟಕ್ಕೆ ಬಗ್ಗಿದರು. ಉಳಿದ ಊರಿನವರಿಗೆ ನಾನು ಯಾರು? ಅದಕ್ಕೆ ಮೂಡಲಗಿಗೆ ಹೋದೆ. ಅಲ್ಲಿಯ ಸೈಬರ್ ಮಾಲೀಕ ದೊಡ್ಡ ದನಿಯ ಮನುಷ್ಯ. ನಾನು ಬಾಗಿಲಲ್ಲಿ ನಿಂತು ಬರೆದುಕೊಂಡು ಹೋಗಿದ್ದ ಮಾತನ್ನು ಮರೆತೆ. ಕೊನೆಗೆ ಹೇಗೋ ಹೇಳಿದೆ.

"ಅಕ್ಕಾರ, ನಮ್ಮ ಗಿರಾಕಿ ಓಡಸಾಕ ಬಂದೀರೇನ್ರಿ?" ಎಂದು ಜೋರಾಗಿ ನಕ್ಕ. "ನಿಮ್ಮ ಅಂಗಡ್ಯಾಗ ಹುಡುಗ್ರು ಕಡಿಮಿ ಆದ್ರಂತ ಕೇಳೇನಿ. ನನ್ನ ಅಂಗಡೀನೂ ಭಜನಿ ಮಠಾ ಮಾಡ್ತೀರೇನು?"

ಕುರ್ಚಿಗಳಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೆಲ ಬಾಯಿಬಿಡಬಾರದೇ ಅನ್ನಿಸಿತು. ಹಿಂದಿರುಗಲು ಹೆಜ್ಜೆ ಇಟ್ಟಿದ್ದೆ. ಅಂಗಡಿಯ ಹಿಂದೆಯೇ ಅವನ ಮನೆ. ಅಲ್ಲಿಂದ ಅವನ ತಾಯಿ ಅವನಿಗೆ ಊಟದ ತಾಟು ತಂದವರು ಎಲ್ಲ ಕೇಳಿಸಿಕೊಂಡು ನಿಂತಿದ್ದರು.

"ಹುಡುಗಿ ಹೆಸರೇನಂದ್ರಿ?"

"ನೀಲವ್ವ ಅಂತ್ರಿ."

ತಾಟನ್ನು ಮಗನ ಮುಂದೆ ಇಡಲಿಲ್ಲ, ಕೈಯಲ್ಲೇ ಹಿಡಿದುಕೊಂಡರು. "ನನ್ನ ತಂಗಿ ನೀಲವ್ವ ಅದಾಳ, ನಮ್ಮ ಓಣ್ಯಾಗ ಇನ್ನಿಬ್ರದಾರ. ಕರಕೊಂಡ ಬರತೇನಿ. ನೀ ಅಲ್ಲೀತನಾ ಮಿಷನ್ ಚಾಲೂ ಮಾಡಪಾ. ಮಾಡಿದ ಮ್ಯಾಲ ಉಣ್ಣಂತಿ."

"ಅವ್ವಾ, ರೊಟ್ಟಿ ಆರತೈತಿ."

"ಆರ್ಲಿ."

ಅಂದು ಮೂಡಲಗಿಯಲ್ಲಿ ನಾಲ್ಕಾರು ನೀಲವ್ವಂದಿರ ಪುಟಗಳಾದವು. ನಡುವೆ ಕರೆಂಟ್ ಹೋಗಿ, ಏರಿಸುತ್ತಿದ್ದ ಫೋಟೋ ಅರ್ಧಕ್ಕೆ ನಿಂತು, ಮತ್ತೆ ಮೊದಲಿನಿಂದ ಮಾಡಿದೆವು. ಹುಕ್ಕೇರಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಹೆಣ್ಣುಮಗಳು ಒಂದೂ ಮಾತಾಡದೆ ಎರಡು ಯಂತ್ರ ಬಿಟ್ಟುಕೊಟ್ಟಳು. ಬಾಗೇವಾಡಿಯ ಅಜ್ಜಿ ತಮ್ಮ ಬಳಗದ ನೀಲವ್ವಂದಿರನ್ನು ಅಲ್ಲಿಗೆ ಕಳಿಸಿದರು. ಕಣಗಲಾ ಊರಿನ ಒಬ್ಬ ಕುರುಬರ ಹೆಂಗಸು ಹೆಗಲ ಮೇಲೆ ಕಂಬಳಿ ಹಾಕಿಕೊಂಡೇ ಫೋಟೋಗೆ ನಿಂತಳು. ನಿನ್ನ ಹೆಸರು ನೀಲವ್ವನೇ ಎಂದು ಕೇಳಿದರೆ, "ಅಲ್ರಿ, ಮಾಳವ್ವ. ಆದ್ರ ನನಗೂ ಹೆಣ್ಣಮಕ್ಕಳದಾವು" ಎಂದಳು. ಅವಳದ್ದನ್ನು ಮಾಳವ್ವ ಎಂದೇ ಮಾಡಿದೆವು.

ಆಮೇಲೆ ಎಲ್ಲರೂ ಕಟ್ಟೆ ಹತ್ತಿದರು. ಒಬ್ಬೊಬ್ಬರು ಹೇಳಿದ್ದನ್ನು ನಾವು ಹೊಡೆಯುತ್ತಿದ್ದೆವು. ಮೂಡಲಗಿಯ ತಾಯಿ ಹುಡುಗರು ಬರೆದ ಹೊಲಸಿನ ಕೆಳಗೆ "ತಮ್ಮಾ, ನೀ ಯಾರ ಪೈಕಿ?" ಎಂದು ಬರೆಸಿದರು. ಅವರ ತಂಗಿ "ನಿಮ್ಮವ್ವ ಆರಾಮದಾಳೇನು?" ಎಂದು ಕೇಳಿಸಿದರು. ಬಾಗೇವಾಡಿಯ ಅಜ್ಜಿ ಬಹಳ ಹೊತ್ತು ಯೋಚಿಸಿ, "ನನ್ನ ಹೆಸರಿಟ್ಟುಕೊಂಡೀಯಪಾ. ನನ್ನ ಮುಖಾನೂ ಇಟ್ಟುಕೋ" ಎಂದು ಬರೆಸಿದರು.

ಸುಳ್ಳು ಪುಟದವನು ಮರುದಿನ ಅವನ್ನೆಲ್ಲ ಅಳಿಸಿದ್ದ. ನಾವು ಮತ್ತೆ ಬರೆದೆವು. ಅವನು ಮತ್ತೆ ಅಳಿಸಿದ. ಮೂರು ಊರಿನಿಂದ ಬರೆಯುತ್ತಿದ್ದೆವು, ಅಳಿಸುವವನು ಒಬ್ಬನೇ. ಆದರೂ ನನಗೆ ನಂಬಿಕೆ ಇರಲಿಲ್ಲ. ಅಳಿಸುವುದು ಸುಲಭ, ಬರೆಯುವುದಕ್ಕೆ ಮುದುಕಿಯರು ಹೊಲ ಮನೆ ಬಿಟ್ಟು ಬಸ್ಸಿನಲ್ಲಿ ಬರಬೇಕಿತ್ತು. ಬಾಗೇವಾಡಿಯಲ್ಲಿ ಮದುವೆ ಗಟ್ಟಿಮಾಡುವ ಸಕ್ಕರೆ ಹಾಕುವ ಶಾಸ್ತ್ರಕ್ಕೆ ಐನೋರನ್ನು ಕೇಳಿ ದಿನ ತೆಗೆಸಿದ್ದರು. ಹುಡುಗಿ ಮಾತು ನಿಲ್ಲಿಸಿದ್ದಾಳೆ ಎಂದು ಅಜ್ಜಿ ಒಂದು ದಿನ ಹೇಳಿದರು. ಇನ್ನೊಂದು ದಿನ, ಊಟವನ್ನೂ ಎಂದರು. ಹೊಸ ಹೊಲಸು ಬರೆಯುವವರು ಕಡಿಮೆಯಾಗಿದ್ದರು, ಗೆಳೆಯರ ಸಂಖ್ಯೆ ಇಳಿಯುತ್ತಿತ್ತು. ಆದರೆ ಪುಟ ಇತ್ತು. ನಾನು ಬೆಳಿಗ್ಗೆ ಬೀಗ ತೆಗೆದು ದೀಪ ಹಚ್ಚುವ ಮೊದಲೇ ಅದನ್ನು ತೆರೆಯುತ್ತಿದ್ದೆ.

ಅಂಥ ಒಂದು ಬೆಳಿಗ್ಗೆ ಅದು ತೆರೆಯಲಿಲ್ಲ. ಅಂಥ ಪುಟ ಇಲ್ಲ ಎಂದು ಬಂತು. ಇಂಟರ್ನೆಟ್ ಹೋಗಿದೆ ಎಂದುಕೊಂಡೆ. ನನ್ನ ಪುಟ ತೆರೆಯಿತು. ಅಜ್ಜಿಯದೂ ತೆರೆಯಿತು. ಯಂತ್ರಕ್ಕೆ ಕೊನೆಗೂ ನಮ್ಮ ದೂರು ಮುಟ್ಟಿತೋ, ಮಾಡಿದವನ ಮನೆಯ ಮುದುಕಿಯೇ ಆ ಸಾಲಿನಲ್ಲಿ ಬಂದು ಕೂತಿದ್ದಳೋ, ಇವತ್ತಿಗೂ ತಿಳಿಯದು. ಹುಡುಕಲು ನಾವು ಹೋಗಲಿಲ್ಲ.

ಬಾಗೇವಾಡಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ನಂಬಲಿಲ್ಲ. ಮರುದಿನ ಅಜ್ಜಿಯೇ ಮಗನನ್ನು ಎಳೆದುಕೊಂಡು ಬಂದರು. ಈ ಸಲ ಅಪ್ಪ ಮೆಟ್ಟಿಲು ಹತ್ತಿ ಒಳಗೆ ಬಂದರು, ಆದರೆ ಕೂರಲಿಲ್ಲ.

"ಇಲ್ಲದ್ದನ್ನ ಹೆಂಗ ತೋರಸ್ತೀರಿ ಅಕ್ಕಾರ? ಇದ್ದದ್ದ ಆದ್ರ ತೋರಸಬಹುದು. ನಾಳಿ ಯಾರರ ಮತ್ತ ಪ್ರಿಂಟ್ ಹಿಡಕೊಂಡ ಬಂದ್ರ ನಾ ಏನ ಹೇಳ್ಲಿ?"

ಅವಳ ಹೆಸರು ಹೊಡೆದು ಹುಡುಕು ಎಂದು ಒತ್ತಿದೆ. ಲೈನು ನಿಧಾನವಿತ್ತು. ಫೋಟೋಗಳು ಒಂದೊಂದಾಗಿ ಮೇಲಿನಿಂದ ಕೆಳಕ್ಕೆ ಇಳಿದವು. ಸೆರಗು ಹೊದ್ದ ತಲೆಗಳು, ವಿಭೂತಿಯ ಹಣೆಗಳು, ಕನ್ನಡಕ, ಬೊಚ್ಚು ಬಾಯಿ. ಮೊದಲನೆಯದು ಅವರ ತಾಯಿಯದು.

ಅವರು ಬಗ್ಗಿ ನೋಡಿದರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ತಾಯಿಯನ್ನು ನೋಡಿದರು.

"ಏನವಾ ಇದು? ದವಾಖಾನಿಗಂತ ಹೇಳಿ ಇದನ್ನ ಮಾಡಾಕತ್ತಿದ್ದೇನು?"

"ಹೂಂ. ಆ ಹೆಸರ ಮ್ಯಾಲ ಊರ ಹುಡುಗ್ರು ಏನ ಬರದಾರ ಅಷ್ಟೂ ಓದಿಸಿ ಕೇಳೇನಿ. ನನ್ನ ಮುಖದ ಕೆಳಗೂ ಬರದಾರ. ಅಕಿನ್ನ ಒಳಗ ಕೂಡಿ ಹಾಕೀದಿ, ನನ್ನೂ ಕೂಡಿ ಹಾಕು. ನನಗೂ ಒಂದ ವರಾ ನೋಡು, ಹಿಡಕಲ್ಲದಾಗ."

ಅವರು ಕುರ್ಚಿ ಎಳೆದುಕೊಂಡು ಕೂತರು. ಕೆಳಗೆ ಸರಿಸಿ ಎಂದು ಕೈಸನ್ನೆ ಮಾಡಿದರು. ಸರಿಸಿದೆ. ಪ್ರತಿ ಮುಖದ ಹತ್ತಿರ ಬೆರಳಿಟ್ಟು ಇವರು ಯಾವ ಊರಿನವರು ಎಂದು ಕೇಳುತ್ತಿದ್ದರು. ಮೂಡಲಗಿ ಎಂದೆ. ಹುಕ್ಕೇರಿ ಎಂದೆ. ಆಮೇಲೆ ಮಾಳವ್ವನ ಪುಟವನ್ನೂ ನನ್ನದನ್ನೂ ತೆರೆದು ತೋರಿಸಿದೆ. ನನ್ನ ಫೋಟೋ ನೋಡಿ ಬೇಗ ಕಣ್ಣು ತೆಗೆದರು.

"ಇವ್ರೆಲ್ಲಾ ಅಕಿ ಸಲುವಾಗಿ ಬಂದ ಕುಂತಾರೇನ್ರಿ?"

"ಹೂಂರಿ ಅಣ್ಣಾರ."

"ನೀವೂನೂ?"

ನಾನು ತಲೆಯಾಡಿಸಿದೆ.

ಹೊರಗೆ ಹುಕ್ಕೇರಿ ಬಸ್ಸಿನ ಹಾರ್ನ್ ಕೇಳಿಸಿತು. ಅವರು ಎದ್ದು ಟೊಪ್ಪಿಗೆ ಸರಿಮಾಡಿಕೊಂಡರು. ಬಾಗಿಲವರೆಗೆ ಹೋಗಿ ನಿಂತು, ನನ್ನ ಕಡೆಗಲ್ಲ, ರಸ್ತೆಯ ಕಡೆ ಮುಖ ಮಾಡಿ ತಾಯಿಗೆ ಹೇಳಿದರು:

"ನಡೀ ಲಗೂನ. ಅಕಿ ಪುಸ್ತಕಾ ಎಲ್ಲಾ ಅಟ್ಟದ ಮ್ಯಾಲ ಒಗದೇನಿ, ಹೊತ್ತ ಮುಳುಗೂದರಾಗ ಇಳಸ್ಬೇಕು."